ಸಿರವಾರದ ಆ ಟೇಬಲ್ಲಿಗೆ ಕನ್ನಡ ಬಲ್ಲ ಗುಮಾಸ್ತರು ಬೇಕು

ರಾಯಚೂರಿನಿಂದ ಲಿಂಗಸುಗೂರಿನ ಕಡೆ ಹೊರಟರೆ ನಡುವೆ ಸಿರವಾರ ಸಿಗುತ್ತದೆ. ಕೆಲವು ವರ್ಷಗಳ ಹಿಂದಿನವರೆಗೆ ಅದು ಮಾನ್ವಿ ತಾಲ್ಲೂಕಿನೊಳಗಿನ ಊರು. ಈಗ ಅದೇ ಒಂದು ತಾಲ್ಲೂಕು ಕೇಂದ್ರ. ಆ ಊರಿನಲ್ಲಿ ಭಾರತ ಸರ್ಕಾರದ ವೈದ್ಯಕೀಯ ಸಂಶೋಧನೆಯ ಘಟಕವೊಂದಿದೆ ಎಂದರೆ ರಾಯಚೂರಿನ ಓದಿದವರಲ್ಲೂ ಅನೇಕರು ಹೌದೇ ಎಂದು ಕೇಳುತ್ತಾರೆ. ಹೌದು, ಇದೆ. ಮಾದರಿ ಗ್ರಾಮೀಣ ಆರೋಗ್ಯ ಸಂಶೋಧನಾ ಘಟಕ ಎಂದು ಅದರ ಹೆಸರು. ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆ 12ನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ದೇಶದ ಬೇರೆ ಬೇರೆ ರಾಜ್ಯಗಳಲ್ಲಿ ಇಂಥ ಘಟಕಗಳನ್ನು ಶುರು ಮಾಡಿತು. ರಾಜ್ಯದ ಆರೋಗ್ಯ ಇಲಾಖೆ ಹಳ್ಳಿಗಾಡಿನ ಆಸ್ಪತ್ರೆಯ ಆವರಣದಲ್ಲಿ ಜಾಗ ಕೊಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ಅಂದರೆ ಐಸಿಎಂಆರ್‌ನ, ಒಂದು ಸಂಸ್ಥೆ ಮಾರ್ಗದರ್ಶಿಯಾಗಿ ನಿಲ್ಲುತ್ತದೆ. ಮೆಡಿಕಲ್ ಕಾಲೇಜೊಂದು ಜೊತೆಗೂಡುತ್ತದೆ. ಹಳ್ಳಿಯವರಿಗೆ ಬರುವ ಕಾಯಿಲೆಯನ್ನು ಹಳ್ಳಿಯಲ್ಲೇ ಕೂತು ಅಭ್ಯಾಸ ಮಾಡಬೇಕು, ದೊಡ್ಡ ಪ್ರಯೋಗಾಲಯಗಳಲ್ಲಿ ಕಂಡುಕೊಂಡದ್ದು ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ಇಳಿಯಬೇಕು ಎಂಬುದು ಅದರ ಹಿಂದಿನ ವಿಚಾರ.

ಒಳ್ಳೆಯ ವಿಚಾರ. ಇದರ ಬಗ್ಗೆ ಮಾತು ಬಂದಾಗಲೆಲ್ಲ ವಿಜ್ಞಾನಿ ಎಷ್ಟು ಜನ, ಯಂತ್ರ ಯಾವುದು ಬಂತು, ಯಾವ ರೋಗದ ಅಧ್ಯಯನ ಎಂಬ ಪ್ರಶ್ನೆಗಳು ಏಳುತ್ತವೆ. ಕಚೇರಿಯ ಟೇಬಲ್ಲಿನ ಮುಂದೆ ಯಾರು ಕೂರುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಕಡತ ತೆರೆಯುವವರು, ಟಪಾಲು ದಾಖಲಿಸುವವರು, ಸಾಮಾನು ತರಿಸುವವರು, ಲೆಕ್ಕ ಬರೆಯುವವರು, ಹಳ್ಳಿಯಿಂದ ಬಂದ ನಮೂನೆಗಳನ್ನು ಕಂಪ್ಯೂಟರಿಗೆ ಏರಿಸುವವರು, ಇವರು ಸಂಶೋಧನೆಯ ಹೊರಗಿನವರು ಎಂದು ನಾವು ಎಣಿಸಿದ್ದೇವೆ. ಈ ಎಣಿಕೆ ತಪ್ಪು ಎಂಬುದು ನನ್ನ ವಾದ. ಈ ಕೆಲಸ ಸಂಶೋಧನೆಯ ಒಂದು ಅಂಗ. ರಾಯಚೂರಿನಂಥ ಜಿಲ್ಲೆಯಲ್ಲಿ ಅದನ್ನು ಇಲ್ಲಿಯ ಭಾಷೆ, ಇಲ್ಲಿಯ ಬದುಕು ತಿಳಿದವರು ಕಾಯಂ ನೌಕರಿಯಾಗಿ ಮಾಡದೆ ಹೋದರೆ ಎಷ್ಟು ದೊಡ್ಡ ವಿಜ್ಞಾನಿ ಬಂದರೂ ಅಂಕಿಅಂಶ ನೆಟ್ಟಗಾಗುವುದಿಲ್ಲ.

ನಮ್ಮ ಕಡೆಯ ಪದವೀಧರರ ಮಟ್ಟಿಗೆ ಸರ್ಕಾರಿ ನೌಕರಿ ಎಂದರೆ ನಾಲ್ಕು ಹೆಸರು: ಎಫ್‌ಡಿಎ, ಎಸ್‌ಡಿಎ, ಪಿಡಿಒ, ಪಿಎಸ್‌ಐ. ದೇವದುರ್ಗ, ಮಾನ್ವಿಯ ಡಿಗ್ರಿ ಕಾಲೇಜುಗಳಿಂದ ಹೊರಬಿದ್ದವರು ಮನೆಯವರು ಹೊಲದ ಮೇಲೆ ಸಾಲ ಮಾಡಿ ಕೊಟ್ಟ ದುಡ್ಡು ಹಿಡಿದು ಧಾರವಾಡದ ಸಪ್ತಾಪುರಕ್ಕೆ ಹೋಗುತ್ತಾರೆ. ರೂಮು ಹಿಡಿದು, ಖಾನಾವಳಿಯ ಊಟ ಮಾಡಿ, ವರ್ಷಗಟ್ಟಲೆ ಒಂದೇ ಪುಸ್ತಕವನ್ನು ತಿರುಗಿಸಿ ಓದುತ್ತಾರೆ. ಈ ಹುಡುಗ ಹುಡುಗಿಯರಿಗೆ ಐಸಿಎಂಆರ್‌ನಲ್ಲೂ ಕೆಳದರ್ಜೆ ಗುಮಾಸ್ತ, ಮೇಲ್ದರ್ಜೆ ಗುಮಾಸ್ತ, ಸಹಾಯಕ ಎಂಬ ಹುದ್ದೆಗಳಿವೆ ಎಂದು ಯಾರೂ ಹೇಳಿರುವುದಿಲ್ಲ. ಕೆಳದರ್ಜೆ ಗುಮಾಸ್ತರ ಮೂಲ ವೇತನ ಏಳನೇ ವೇತನ ಆಯೋಗದ ಲೆಕ್ಕದಲ್ಲಿ 19,900 ರೂಪಾಯಿಯಿಂದ ಶುರುವಾಗುತ್ತದೆ, ಮೇಲ್ದರ್ಜೆಯವರದು 25,500ರಿಂದ, ಸಹಾಯಕರದು 35,400ರಿಂದ. ಅದರ ಮೇಲೆ ತುಟ್ಟಿಭತ್ಯೆ. ಬಡ್ತಿ ಸಿಗದಿದ್ದರೂ ಹತ್ತು, ಇಪ್ಪತ್ತು, ಮೂವತ್ತು ವರ್ಷ ತುಂಬಿದಾಗ ವೇತನದ ಮೆಟ್ಟಿಲು ಏರುತ್ತದೆ. ಆಡಳಿತಾಧಿಕಾರಿಯವರೆಗೆ ಹೋಗುವ ದಾರಿ ಇದೆ. 1911ರಲ್ಲಿ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ಎಂದು ಹುಟ್ಟಿ, 1949ರಲ್ಲಿ ಈಗಿನ ಹೆಸರು ಪಡೆದ ಸಂಸ್ಥೆ ಐಸಿಎಂಆರ್. ಕರ್ನಾಟಕದಲ್ಲೇ ಬೆಳಗಾವಿಯಲ್ಲಿ ಪಾರಂಪರಿಕ ವೈದ್ಯ ಪದ್ಧತಿಯ ರಾಷ್ಟ್ರೀಯ ಸಂಸ್ಥೆ, ಬೆಂಗಳೂರಿನಲ್ಲಿ ರೋಗ ಮಾಹಿತಿಯ ರಾಷ್ಟ್ರೀಯ ಕೇಂದ್ರ ಅದರ ಕೈಕೆಳಗಿವೆ.

ಈ ನೌಕರಿಯಲ್ಲಿ ಮಾಡುವ ಕೆಲಸವಾದರೂ ಏನು? ಹತ್ತಿರದಿಂದ ನೋಡೋಣ. ದೇವದುರ್ಗ ತಾಲ್ಲೂಕಿನ ಒಂದು ತಾಂಡಾದಲ್ಲಿ ಹೆಂಗಸರ ರಕ್ತಹೀನತೆಯ ಅಧ್ಯಯನ ಎಂದಿಟ್ಟುಕೊಳ್ಳಿ. ಒಬ್ಬಾಕೆಯ ತೋಳಿನಿಂದ ಎರಡು ಮೂರು ಎಂಎಲ್ ರಕ್ತ ತೆಗೆಯಲು ಎರಡು ನಿಮಿಷ ಸಾಕು. ಆ ಎರಡು ನಿಮಿಷದ ಹಿಂದೆ ತಿಂಗಳುಗಟ್ಟಲೆ ಕಚೇರಿ ಕೆಲಸ ನಡೆದಿರುತ್ತದೆ. ನೈತಿಕ ಸಮಿತಿಯ ಸಭೆ ಕರೆದು, ಕೋರಂ ಆಗಿದೆಯೇ ನೋಡಿ, ನಡಾವಳಿ ಬರೆದು, ಒಪ್ಪಿಗೆ ಪತ್ರ ಪಡೆದಿರಬೇಕು. ಭಾಗವಹಿಸುವವರಿಗೆ ಓದಿ ಹೇಳುವ ಸಮ್ಮತಿ ಪತ್ರ ಅವರಿಗೆ ತಿಳಿಯುವ ಭಾಷೆಯಲ್ಲಿ ಅಚ್ಚಾಗಿರಬೇಕು. ನೇರಳೆ ಮುಚ್ಚಳದ ನಳಿಕೆಗಳನ್ನು ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ ತರಿಸಿ, ಅವಧಿ ಮುಗಿಯುವ ತಾರೀಖು ನೋಡಿ, ದಾಸ್ತಾನು ವಹಿಯಲ್ಲಿ ಏರಿಸಿರಬೇಕು. ಜೀಪಿನ ಲಾಗ್‌ಬುಕ್ಕು, ಡೀಸೆಲ್ಲಿನ ಚೀಟಿ, ಚಾಲಕನ ಭತ್ಯೆ. ರಕ್ತ ತೆಗೆದ ಮೇಲೆ ನಳಿಕೆಗೆ ಒಂದು ಸಂಖ್ಯೆ, ಅದೇ ಸಂಖ್ಯೆ ಸಮ್ಮತಿ ಪತ್ರಕ್ಕೆ, ಅದೇ ಸಂಖ್ಯೆ ಪ್ರಶ್ನಾವಳಿಗೆ, ಅದೇ ಸಂಖ್ಯೆ ವಹಿಗೆ. ಐಸ್ ಪೆಟ್ಟಿಗೆ ಬಂದಾಗ ಒಳಗಿನ ಉಷ್ಣಾಂಶ ನೋಡಿ ಬರೆದುಕೊಳ್ಳಬೇಕು. ನಾಲ್ಕು ಕಡೆ ಬರೆಯುವ ಸಂಖ್ಯೆಯಲ್ಲಿ ಒಂದು ಕಡೆ 61 ಹೋಗಿ 16 ಆಯಿತೆಂದರೆ ಒಬ್ಬಾಕೆಯ ರಕ್ತ ಇನ್ನೊಬ್ಬಾಕೆಯ ಹೆಸರಿಗೆ ಕೂರುತ್ತದೆ. ಪ್ರಯೋಗಾಲಯದ ಯಂತ್ರ ಎಷ್ಟೇ ನಿಖರವಾಗಿರಲಿ, ಈ ತಪ್ಪನ್ನು ಅದು ಹಿಡಿಯುವುದಿಲ್ಲ. ಇದನ್ನು ಹಿಡಿಯುವುದು ಸಂಜೆ ವಹಿ ಮುಂದಿಟ್ಟುಕೊಂಡು ಒಂದೊಂದೇ ಸಾಲು ಹೋಲಿಸಿ ಟಿಕ್ ಹಾಕುವ ಮನುಷ್ಯನ ಕಣ್ಣು.

ನಮ್ಮ ರಾಜ್ಯದಲ್ಲೇ ಇದಕ್ಕೆ ದೊಡ್ಡ ಸಾಕ್ಷಿಯಿದೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಐಸಿಎಂಆರ್‌ನದಲ್ಲ, ಕೇಂದ್ರ ಆರೋಗ್ಯ ಇಲಾಖೆಯದು. 1961ರಿಂದ 1968ರವರೆಗೆ ಅದು ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳ 119 ಹಳ್ಳಿಗಳಲ್ಲಿ ನಾಲ್ಕು ಸುತ್ತು ಸಮೀಕ್ಷೆ ನಡೆಸಿತು. ಮೊದಲ ಸುತ್ತಿನಲ್ಲಿ ಸಿಕ್ಕ ಕ್ಷಯ ರೋಗಿಗಳು ಐದು ವರ್ಷದ ನಂತರ ಏನಾದರು ಎಂಬುದಕ್ಕೆ ಅದು ಕೊಟ್ಟ ಉತ್ತರ ಇಂದಿಗೂ ಜಗತ್ತಿನ ಕ್ಷಯ ಸಂಶೋಧಕರ ಬಾಯಲ್ಲಿದೆ: ಶೇ 49.2 ಜನ ತೀರಿಕೊಂಡಿದ್ದರು, ಶೇ 32.5 ಜನ ಗುಣವಾಗಿದ್ದರು, ಉಳಿದ ಶೇ 18.3 ಜನರ ಕಫದಲ್ಲಿ ರೋಗಾಣು ಇನ್ನೂ ಇತ್ತು. ಈ ದಶಮಾಂಶಗಳನ್ನು ಸ್ವಲ್ಪ ಹೊತ್ತು ನೋಡಬೇಕು. ಕಂಪ್ಯೂಟರ್ ಇಲ್ಲ, ಮೊಬೈಲ್ ಇಲ್ಲ, ಆಧಾರ್ ಇಲ್ಲ. ಮೊದಲ ಸುತ್ತಿನಲ್ಲಿ ಕಂಡ ಮನುಷ್ಯ ನಾಲ್ಕನೇ ಸುತ್ತಿನಲ್ಲೂ ಅದೇ ಮನುಷ್ಯ ಎಂದು ಖಚಿತ ಮಾಡಿಕೊಳ್ಳಬೇಕಾದರೆ ಹಳ್ಳಿ, ಮನೆ, ತಂದೆಯ ಹೆಸರು, ವಯಸ್ಸು ಎಲ್ಲ ತಾಳೆಯಾಗಬೇಕು. ಎಕ್ಸ್‌ರೇ ಸಂಖ್ಯೆಯೂ ಕಫದ ಸಂಖ್ಯೆಯೂ ಅವನ ಹೆಸರಿಗೇ ಕೂರಬೇಕು. ಮದುವೆಯಾಗಿ ಬೇರೆ ಊರಿಗೆ ಹೋದವಳು, ಹೆಸರು ಬದಲಾದವನು, ಸತ್ತವನು, ಊರು ಬಿಟ್ಟವನು, ಒಬ್ಬೊಬ್ಬರ ಲೆಕ್ಕವೂ ಸಿಗಬೇಕು. ಆ ಪ್ರಬಂಧಗಳ ಮೇಲೆ ವೈದ್ಯರ, ಸಂಖ್ಯಾಶಾಸ್ತ್ರಜ್ಞರ ಹೆಸರುಗಳಿವೆ, ಅವು ಇರಬೇಕಾದವೇ. ಆದರೆ 49.2 ಎಂಬ ಸಂಖ್ಯೆಯಲ್ಲಿ ಚುಕ್ಕಿಯ ಆಚೆಯ ಆ ಎರಡನ್ನು ಉಳಿಸಿಕೊಟ್ಟವರು ಕಾರ್ಡು ಬರೆದವರು, ಕಾರ್ಡು ಜೋಡಿಸಿಟ್ಟವರು.

ಅದೇ ಸಂಸ್ಥೆಯ ಇನ್ನೊಂದು ಕೆಲಸ ತುಮಕೂರು ಜಿಲ್ಲೆಯದು. 1963ರಲ್ಲಿ ಪ್ರಕಟವಾದ ಬ್ಯಾನರ್ಜಿ ಮತ್ತು ಆಂಡರ್ಸನ್ ಅವರ ಅಧ್ಯಯನ, ಕ್ಷಯದ ಲಕ್ಷಣ ಇದ್ದ ಹಳ್ಳಿಗರಲ್ಲಿ ಸರಿಸುಮಾರು ಅರ್ಧದಷ್ಟು ಜನ ತಾವಾಗಿಯೇ ಚಿಕಿತ್ಸೆ ಹುಡುಕಿಕೊಂಡು ಆಸ್ಪತ್ರೆಗೆ ಹೋಗಿದ್ದರು ಎಂದು ತೋರಿಸಿತು. ಹಳ್ಳಿಯವರಿಗೆ ಅರಿವಿಲ್ಲ, ಅವರೇ ಬರುವುದಿಲ್ಲ ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು. ಜನ ಬಂದಿದ್ದರು, ಆಸ್ಪತ್ರೆ ಗುರುತಿಸಿರಲಿಲ್ಲ. ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪುಗೊಂಡದ್ದು ಇಂಥ ತಿಳಿವಳಿಕೆಯ ಮೇಲೆ. ಮನೆಮನೆಗೆ ಹೋಗಿ ಜನರ ಮಾತು ಕೇಳಿಸಿಕೊಂಡು ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳುವವರು ಇಲ್ಲದಿದ್ದರೆ ಇದು ಹೊರಬರುತ್ತಿರಲಿಲ್ಲ.

ಈಗ ರಾಯಚೂರಿಗೆ ಬರುತ್ತೇನೆ. ಇಲ್ಲಿಯ ಹೆಸರುಗಳ ಪಟ್ಟಿಯೊಂದನ್ನು ಹೊರಗಿನಿಂದ ಬಂದ, ಕನ್ನಡ ಬಾರದ ಡಾಟಾ ಎಂಟ್ರಿ ಆಪರೇಟರ್ ಮುಂದೆ ಇಡಿ. ಹುಸೇನಪ್ಪ, ತಂದೆ ಹನುಮಂತಪ್ಪ. ಮೊಹರಂ ಹಬ್ಬದಲ್ಲಿ ಊರೆಲ್ಲ ಸೇರಿ ಅಲಾಯಿ ಕುಣಿಯುವ, ಪೀರಲು ದೇವರಿಗೆ ಹರಕೆ ಹೊತ್ತು ಮಗನಿಗೆ ಆ ಹೆಸರಿಡುವ ನಾಡು ಇದು ಎಂದು ತಿಳಿಯದವನು ಅಲ್ಲೇ ತಡೆಯುತ್ತಾನೆ, ಇಲ್ಲವೇ ಧರ್ಮದ ಕಲಮಿನಲ್ಲಿ ಊಹಿಸಿ ತುಂಬುತ್ತಾನೆ. ಹುಲಿಗೆಮ್ಮ ಎಂಬ ಹೆಸರು ಒಂದೇ ಹಳ್ಳಿಯಲ್ಲಿ ಹತ್ತು ಮನೆಯಲ್ಲಿ ಸಿಗಬಹುದು. ಇಂಗ್ಲಿಷಿನಲ್ಲಿ ಅದನ್ನು ಮೂರು ನಾಲ್ಕು ಬಗೆಯಲ್ಲಿ ಬರೆಯಬಹುದು. ಹೀಗೆ ಬರೆದಾಗ ಒಬ್ಬಳೇ ಹುಲಿಗೆಮ್ಮ ಮೂವರಾಗುತ್ತಾಳೆ, ಅಥವಾ ಮೂವರು ಹುಲಿಗೆಮ್ಮರು ಒಬ್ಬಳಾಗುತ್ತಾರೆ. ಮೌನೇಶ, ಅಮರೇಶ, ಬಸಲಿಂಗಮ್ಮ, ಖಾಸಿಂಸಾಬ, ಲಂಬಾಣಿ ತಾಂಡಾದ ಸೋಮ್ಲಿಬಾಯಿ, ತೆಲುಗು ಮಾತಾಡುವ ಕ್ಯಾಂಪಿನ ವೆಂಕಟರಾವು: ಒಂದೇ ಪಟ್ಟಿಯಲ್ಲಿ ನಾಲ್ಕು ಭಾಷೆಯ ಜನ. ಕನ್ನಡದಲ್ಲಿ ಬರೆದುಕೊಂಡು, ಕನ್ನಡದಲ್ಲೇ ತಾಳೆ ನೋಡುವವರಿದ್ದರೆ ಈ ಗೊಂದಲದ ಬಹುಪಾಲು ಹುಟ್ಟುವುದೇ ಇಲ್ಲ.

ಹೆಸರಿಗಿಂತ ದೊಡ್ಡ ಸಮಸ್ಯೆ ಗುಳೆ. ಸುಗ್ಗಿ ಮುಗಿದ ಮೇಲೆ ದೇವದುರ್ಗದ ಹಳ್ಳಿಗಳಿಂದ, ತಾಂಡಾಗಳಿಂದ ಸಂಸಾರ ಸಮೇತ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಮನೆಗೆ ಬೀಗ, ಜಗಲಿಯ ಮೇಲೆ ಮುದುಕರು. ಮೂರು ತಿಂಗಳಿಗೊಮ್ಮೆ ಮತ್ತೆ ಭೇಟಿ ಎಂದು ದಿಲ್ಲಿಯಲ್ಲೋ ಬೆಂಗಳೂರಿನಲ್ಲೋ ಕೂತು ಬರೆದ ಯೋಜನೆ ಇಲ್ಲಿ ಬೀಗ ಹಾಕಿದ ಬಾಗಿಲಿಗೆ ಬಂದು ನಿಲ್ಲುತ್ತದೆ. ಮಾನ್ವಿಯ ಲೆಕ್ಕ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಭತ್ತದ ನಾಟಿ. ಆಗ ಹೆಂಗಸರು ಬೆಳಗಿನ ಜಾವಕ್ಕೇ ಗದ್ದೆಗೆ ಹೋಗಿರುತ್ತಾರೆ, ಹಗಲು ಹೊತ್ತು ಊರಲ್ಲಿ ಯಾರೂ ಸಿಗುವುದಿಲ್ಲ. ಹತ್ತಿ ಬಿಡಿಸುವ ತಿಂಗಳಲ್ಲಿ ಮಕ್ಕಳೂ ಹೊಲದಲ್ಲೇ. ಯಾವ ವಾರ ಯಾವ ಊರಿಗೆ ಜೀಪು ಕಳಿಸಬೇಕು ಎಂದು ಪಟ್ಟಿ ಹಾಕುವುದು ಕಚೇರಿ ಸಹಾಯಕರ ಕೆಲಸ. ಈ ಪಟ್ಟಿಯನ್ನು ಇಲ್ಲಿಯ ಮಗಳೋ ಮಗನೋ ಹಾಕಿದರೆ ಅಧ್ಯಯನದಿಂದ ಕೈತಪ್ಪಿ ಹೋಗುವವರು ಕಡಿಮೆಯಾಗುತ್ತಾರೆ. ಕೈತಪ್ಪಿದವರೇ ಬಹುಮಟ್ಟಿಗೆ ಅತಿ ಬಡವರು, ಅತಿ ರೋಗಿಗಳು. ಅವರನ್ನು ಬಿಟ್ಟು ತೆಗೆದ ಸರಾಸರಿ ಜಿಲ್ಲೆ ಇರುವುದಕ್ಕಿಂತ ಆರೋಗ್ಯವಂತವಾಗಿ ಕಾಣುತ್ತದೆ. ಆ ಸರಾಸರಿಯ ಮೇಲೆ ಅನುದಾನ ನಿರ್ಧಾರವಾಗುತ್ತದೆ. ಕಚೇರಿಯ ಒಂದು ಪಟ್ಟಿ ತಪ್ಪಾದರೆ ಅದರ ಪೆಟ್ಟು ಯಾರಿಗೆ ಬೀಳುತ್ತದೆ ನೋಡಿ.

ಇಷ್ಟು ತೂಕದ ಕೆಲಸವನ್ನು ನಾವು ಹೇಗೆ ಕೊಡುತ್ತಿದ್ದೇವೆ? ದೇಶದುದ್ದಕ್ಕೂ ವೈದ್ಯಕೀಯ ಸಂಶೋಧನೆಯಲ್ಲಿ ಕ್ಷೇತ್ರ ಮಟ್ಟದ ಬಹಳಷ್ಟು ಕೆಲಸ ನಡೆಯುವುದು ಪ್ರಾಜೆಕ್ಟಿನ ಮೇಲೆ ತೆಗೆದುಕೊಂಡವರಿಂದ. ವಾಕ್-ಇನ್ ಸಂದರ್ಶನ, ಆರು ತಿಂಗಳ ಅಥವಾ ಒಂದು ವರ್ಷದ ಆದೇಶ, ಗೊತ್ತುಮಾಡಿದ ಪಗಾರ, ಪ್ರಾಜೆಕ್ಟು ಮುಗಿದರೆ ನೌಕರಿ ಮುಗಿಯಿತು. ಮುಂದಿನ ಕಂತಿನ ಅನುದಾನ ತಡವಾದರೆ ಪಗಾರವೂ ತಡ. ಇಂಥ ಕೆಲಸದಲ್ಲಿ ಕೂತವರು ಕಲಿತು ಪಳಗುವ ಹೊತ್ತಿಗೆ ಬೇರೆ ಪರೀಕ್ಷೆ ಪಾಸಾಗಿ ಹೋಗುತ್ತಾರೆ. ಹೋಗಬೇಕಾದದ್ದೇ, ಅವರ ತಪ್ಪಲ್ಲ. ಹೋಗುವಾಗ ವಹಿ ಇಲ್ಲೇ ಇರುತ್ತದೆ. ಆದರೆ ಎರಡು ವರ್ಷದ ಹಿಂದೆ ಒಂದು ಹಳ್ಳಿಯ ಮನೆ ಸಂಖ್ಯೆಗಳು ಯಾಕೆ ಬದಲಾದವು, ಯಾವ ದಿನ ಡೀಪ್ ಫ್ರೀಜರ್ ಕೆಟ್ಟಿತ್ತು, ಆ ದಿನದ ಮಾದರಿಗಳನ್ನು ಬೇರೆ ಇಟ್ಟದ್ದು ಎಲ್ಲಿ ಎಂಬ ನೆನಪು ಅವರ ಜೊತೆ ಹೋಗುತ್ತದೆ. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯೇ ಅಧ್ಯಯನ ಮುಗಿದ ಮೇಲೂ ವರ್ಷಗಳ ಕಾಲ ದಾಖಲೆ ಕಾಪಾಡಬೇಕು ಎನ್ನುತ್ತದೆ. ಕಾಪಾಡುವವರ ನೌಕರಿಯೇ ಅಧ್ಯಯನದೊಂದಿಗೆ ಮುಗಿಯುವುದಾದರೆ ಈ ನಿಯಮ ಯಾರ ಹೆಗಲ ಮೇಲೆ ನಿಲ್ಲಬೇಕು?

ಗುತ್ತಿಗೆ ನೌಕರರ ಹಕ್ಕಿನ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ 2006ರ ತೀರ್ಪು ನಮ್ಮ ರಾಜ್ಯದಿಂದ ಹೋದ ಉಮಾದೇವಿ ಪ್ರಕರಣದ್ದು. ಹಿಂಬಾಗಿಲಿನಿಂದ ಬಂದವರು ಕಾಯಮಾತಿ ಕೇಳುವಂತಿಲ್ಲ ಎಂದು ಅದು ಹೇಳಿತು. ಅದರ ನೆರಳಲ್ಲಿ ಇಲಾಖೆಗಳು ವರ್ಷಗಟ್ಟಲೆ ನಡೆಯುವ ಕೆಲಸಕ್ಕೂ ತಾತ್ಕಾಲಿಕ ಎಂಬ ಹೆಸರಿಟ್ಟು ಜನರನ್ನು ದುಡಿಸಿಕೊಂಡವು. 2024ರ ಡಿಸೆಂಬರಿನಲ್ಲಿ ಜಗ್ಗೋ ಪ್ರಕರಣದಲ್ಲಿ ಅದೇ ನ್ಯಾಯಾಲಯ, ದೀರ್ಘಕಾಲ ನಿಯಮಿತ ಸ್ವರೂಪದ ಕೆಲಸ ಮಾಡಿದವರ ಹಕ್ಕು ಕಸಿಯಲು ಉಮಾದೇವಿ ತೀರ್ಪನ್ನು ಗುರಾಣಿ ಮಾಡಿಕೊಳ್ಳಬೇಡಿ ಎಂದಿತು. ನನಗೆ ಈ ಎರಡು ತೀರ್ಪುಗಳ ನಡುವೆ ಜಗಳ ಕಾಣುವುದಿಲ್ಲ. ಮುಂಬಾಗಿಲು ತೆರೆಯಿರಿ, ಕಾಯಂ ಕೆಲಸಕ್ಕೆ ಕಾಯಂ ಹುದ್ದೆ ಮಾಡಿ ಎಂಬಲ್ಲಿ ಎರಡೂ ಸೇರುತ್ತವೆ. ಪ್ರತಿ ಗ್ರಾಮೀಣ ಸಂಶೋಧನಾ ಘಟಕದಲ್ಲಿ ಪ್ರಾಜೆಕ್ಟು ಬರಲಿ ಹೋಗಲಿ ಉಳಿಯುವಂಥ ಎರಡು ಆಡಳಿತ ಹುದ್ದೆಗಳಾದರೂ ಇರಬೇಕು: ಒಂದು ದಾಖಲೆಗೆ, ಒಂದು ಲೆಕ್ಕಕ್ಕೆ. ಇದು ಯಾವ ಸರ್ಕಾರಕ್ಕೂ ಭಾರವಾಗುವ ಬೇಡಿಕೆಯಲ್ಲ.

ಆದರೆ ಮುಂಬಾಗಿಲು ತೆರೆದರೂ ನಮ್ಮ ಮಕ್ಕಳು ಒಳಗೆ ಹೋಗುತ್ತಾರೆಯೇ? ಇಲ್ಲಿ ಕಾನೂನಿನ ಒಂದು ತೊಡಕಿದೆ, ಅದನ್ನು ಬಿಡಿಸಿ ನೋಡಬೇಕು. 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿ ಕಲ್ಯಾಣ ಕರ್ನಾಟಕದ ಜನರಿಗೆ ಉದ್ಯೋಗ, ಶಿಕ್ಷಣದಲ್ಲಿ ಮೀಸಲು ಕೊಟ್ಟಿದೆ. ಅದರ ಮಾತು ಸ್ಪಷ್ಟ: ರಾಜ್ಯ ಸರ್ಕಾರದ ಮತ್ತು ರಾಜ್ಯ ಸರ್ಕಾರದ ಹಿಡಿತದಲ್ಲಿರುವ ಸಂಸ್ಥೆಗಳ ಹುದ್ದೆಗಳಿಗೆ ಅದು ಅನ್ವಯ. ರಾಯಚೂರಿನಲ್ಲಿರುವ ರಾಜ್ಯ ಸರ್ಕಾರದ ರಿಮ್ಸ್ ಆಸ್ಪತ್ರೆಯ ಎಸ್‌ಡಿಎ ಹುದ್ದೆಗೆ 371ಜೆ ಪ್ರಮಾಣಪತ್ರ ನಡೆಯುತ್ತದೆ; ಕೇಂದ್ರದ ಸಂಶೋಧನಾ ಸಂಸ್ಥೆಯ ಗುಮಾಸ್ತ ಹುದ್ದೆಗೆ, ಅದು ಸಿರವಾರದಲ್ಲೇ ಇದ್ದರೂ, ನಡೆಯುವುದಿಲ್ಲ. ನಮ್ಮ ಅನೇಕ ಸಂಘಟನೆಗಳು ಕೇಂದ್ರದ ಹುದ್ದೆಗೂ ಸ್ಥಳೀಯ ಮೀಸಲು ಕೊಡಿ ಎಂದು ಮನವಿ ಬರೆಯುತ್ತವೆ. ಬರೆದವರ ಸಂಕಟ ನನ್ನದೂ ಹೌದು. ಆದರೆ ಸಂವಿಧಾನದ 16ನೇ ವಿಧಿ ಹುಟ್ಟಿದ ಊರು, ವಾಸದ ಊರಿನ ಆಧಾರದ ಮೇಲೆ ಸರ್ಕಾರಿ ನೌಕರಿಯಲ್ಲಿ ಭೇದ ಮಾಡಬಾರದು ಎನ್ನುತ್ತದೆ, ವಾಸದ ಷರತ್ತು ಹಾಕುವ ಅಧಿಕಾರವನ್ನು ಸಂಸತ್ತಿಗೆ ಮಾತ್ರ ಇಟ್ಟಿದೆ, ಅದೂ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಅಧೀನದ ನೌಕರಿಗಳ ಮಟ್ಟಿಗೆ. ಆ ಗೋಡೆಗೆ ತಲೆ ಕೊಡುವುದಕ್ಕಿಂತ ಬೇರೆ ದಾರಿ ಇದೆ.

ಆ ದಾರಿ ಭಾಷೆಯದು. ಕೇಂದ್ರದ ಗುಮಾಸ್ತ ಹುದ್ದೆಗೆ ಬೆರಳಚ್ಚಿನ ಪರೀಕ್ಷೆ ಇದೆ: ನಿಮಿಷಕ್ಕೆ ಇಂಗ್ಲಿಷಿನಲ್ಲಿ 35 ಪದ, ಇಲ್ಲವೇ ಹಿಂದಿಯಲ್ಲಿ 30 ಪದ. ಕನ್ನಡದಲ್ಲಿ ಎಷ್ಟು ಎಂಬ ಪ್ರಶ್ನೆಯೇ ಅಲ್ಲಿಲ್ಲ. ಸಮ್ಮತಿ ಪತ್ರ ಕನ್ನಡದಲ್ಲಿ, ಪ್ರಶ್ನಾವಳಿ ಕನ್ನಡದಲ್ಲಿ, ಆಶಾ ಕಾರ್ಯಕರ್ತೆ ಬರೆದು ತರುವ ಪಟ್ಟಿ ಕನ್ನಡದಲ್ಲಿ, ಗ್ರಾಮ ಪಂಚಾಯಿತಿಗೆ ಹೋಗುವ ಪತ್ರ ಕನ್ನಡದಲ್ಲಿ, ತಹಶೀಲ್ದಾರರ ಕಚೇರಿಯಿಂದ ಬರುವ ಟಪಾಲು ಕನ್ನಡದಲ್ಲಿ. ಓದುಬರಹ ಬಾರದ ಹೆಂಗಸು ಹೆಬ್ಬೆಟ್ಟು ಒತ್ತುವಾಗ ಪಕ್ಕದಲ್ಲಿ ಯಾರ ಪಕ್ಷಕ್ಕೂ ಸೇರದ, ಓದು ಬಲ್ಲ ಸಾಕ್ಷಿ ಇರಬೇಕೆಂದು ನೈತಿಕ ನಿಯಮ ಹೇಳುತ್ತದೆ. ಆ ಸಾಕ್ಷಿಯ ಸಹಿಯೂ ಕನ್ನಡದಲ್ಲಿ. ಇಷ್ಟೆಲ್ಲ ಕಾಗದ ದಾಟಿ ಬರುವ ಟೇಬಲ್ಲಿನ ಮುಂದೆ ಕೂರುವವರಿಗೆ ಕನ್ನಡ ಓದಲು ಬರೆಯಲು ಬರಬೇಕು ಎನ್ನುವುದು ಸ್ಥಳೀಯರಿಗೆ ಕೊಡುವ ರಿಯಾಯಿತಿ ಹೇಗಾಗುತ್ತದೆ? ಡ್ರೈವರ್ ಹುದ್ದೆಗೆ ಲೈಸೆನ್ಸ್ ಕೇಳುವುದು ಯಾರಿಗೂ ರಿಯಾಯಿತಿ ಅನ್ನಿಸುವುದಿಲ್ಲ. ಹಾಸನದವರು ಬರಲಿ, ಕಾಸರಗೋಡಿನವರು ಬರಲಿ, ಕನ್ನಡ ಕಲಿತ ಬಿಹಾರದವರು ಬರಲಿ. ಕೆಲಸಕ್ಕೆ ಬೇಕಾದ ಭಾಷೆ ಇರಲಿ. ಇದು ಹೊಸ ಮಾತೂ ಅಲ್ಲ. ಕೇಂದ್ರದ ಅಂಚೆ ಇಲಾಖೆ ಗ್ರಾಮೀಣ ಡಾಕ್ ಸೇವಕರಿಗೆ ಸ್ಥಳೀಯ ಭಾಷೆಯನ್ನು ಕಡ್ಡಾಯ ಮಾಡಿದೆ. ರಾಷ್ಟ್ರೀಕೃತ ಬ್ಯಾಂಕಿನ ಕ್ಲರ್ಕುಗಳಿಗೆ ಆಯಾ ರಾಜ್ಯದ ಭಾಷೆಯ ಪರೀಕ್ಷೆ ಇದೆ. ಸಿಬ್ಬಂದಿ ನೇಮಕಾತಿ ಆಯೋಗ 2023ರಿಂದ ತನ್ನ ಕೆಲವು ಪರೀಕ್ಷೆಗಳನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸತೊಡಗಿತು. ಪಾಸ್‌ಬುಕ್ಕಿಗೆ ಬೇಕಾದ ಕನ್ನಡ ಸಮ್ಮತಿ ಪತ್ರಕ್ಕೆ ಬೇಡವೇ?

ನನ್ನ ವಾದಕ್ಕೆ ಎದುರು ನಿಲ್ಲುವ ಮಾತುಗಳಲ್ಲಿ ಒಂದನ್ನು ನಾನು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಸ್ಥಳೀಯರನ್ನು ಕೂರಿಸಿದರೆ ಗುಟ್ಟು ಉಳಿಯುತ್ತದೆಯೇ? ಯಾರಿಗೆ ಎಚ್‌ಐವಿ, ಯಾರಿಗೆ ಕ್ಷಯ, ಯಾರ ಮಗಳು ಯಾವಾಗ ಗರ್ಭಿಣಿಯಾಗಿದ್ದಳು ಎಂಬುದೆಲ್ಲ ಆ ವಹಿಯಲ್ಲಿರುತ್ತದೆ. ಊರಿನವರೇ ಬರೆದರೆ ಊರಿಗೆಲ್ಲ ಗೊತ್ತಾಗುವುದಿಲ್ಲವೇ? ಈ ಹೆದರಿಕೆ ಸುಳ್ಳಲ್ಲ. ಸಣ್ಣ ಊರಿನಲ್ಲಿ ಬಾಯಿಂದ ಬಾಯಿಗೆ ಹೋದ ಒಂದು ಮಾತು ಸಂಬಂಧ ಮುರಿಯುತ್ತದೆ, ಹೆಂಗಸನ್ನು ಮನೆಯಿಂದ ಹೊರಗೆ ಹಾಕಿಸುತ್ತದೆ. 2017ರ ಎಚ್‌ಐವಿ ಕಾಯ್ದೆ ಗೋಪ್ಯತೆಯನ್ನು ಕಾನೂನಿನ ಹೊಣೆಯನ್ನಾಗಿಸಿದೆ. ಹಾಗಾದರೆ ಹೊರಗಿನವರು ಬರೆದರೆ ಗುಟ್ಟು ಹೆಚ್ಚು ಭದ್ರವೇ? ಕನ್ನಡ ಬಾರದ ಆಪರೇಟರ್ ಮಾಡುವುದೇನು? ಪಕ್ಕದಲ್ಲಿ ಯಾರನ್ನೋ ಕೂರಿಸಿಕೊಂಡು ಇದನ್ನು ಓದಿ ಹೇಳು ಅನ್ನುತ್ತಾನೆ. ಆ ಯಾರೋ ಒಬ್ಬನಿಗೆ ಪ್ರಮಾಣವಿಲ್ಲ, ಜವಾಬ್ದಾರಿಯಿಲ್ಲ. ಗುಟ್ಟು ಸೋರುವುದು ಅಲ್ಲಿ. ಹೆಸರಿನ ಪಟ್ಟಿಯನ್ನೂ ರೋಗದ ಪಟ್ಟಿಯನ್ನೂ ಬೇರೆ ಬೇರೆ ಇಟ್ಟು ನಡುವೆ ಸಂಖ್ಯೆಯೊಂದೇ ಕೊಂಡಿಯಾಗಿರುವಂತೆ ನೋಡಿಕೊಳ್ಳಬಹುದು. ಕೊಂಡಿಯ ಪಟ್ಟಿ ಒಬ್ಬರ ಬೀಗದಲ್ಲಿ. ದೇವದುರ್ಗದವರಿಗೆ ಮಾನ್ವಿಯ ಹಳ್ಳಿಗಳ ದಾಖಲೆ, ಮಾನ್ವಿಯವರಿಗೆ ದೇವದುರ್ಗದ್ದು ಎಂದು ಹಂಚಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು, ಗುಟ್ಟು ಬಿಟ್ಟುಕೊಟ್ಟರೆ ಕಳೆದುಕೊಳ್ಳುವುದಕ್ಕೆ ಅವರ ಬಳಿ ಏನಾದರೂ ಇರಬೇಕು. ಮೂವತ್ತು ವರ್ಷದ ನೌಕರಿ, ನಿವೃತ್ತಿಯ ಹಕ್ಕು ಇರುವವರು ತೋರುವ ಎಚ್ಚರಿಕೆಯನ್ನು ಮುಂದಿನ ತಿಂಗಳು ಆದೇಶ ಬರುತ್ತದೋ ಇಲ್ಲವೋ ಗೊತ್ತಿಲ್ಲದವರಿಂದ ಕೇಳುವುದು ಅನ್ಯಾಯ. ಇಷ್ಟಾದರೂ ಅಪಾಯ ಪೂರ್ತಿ ತೊಲಗುವುದಿಲ್ಲ ಎಂದು ಒಪ್ಪುತ್ತೇನೆ. ಆದ್ದರಿಂದ ಕನ್ನಡದ ಷರತ್ತಿನ ಜೊತೆಗೆ ಗೋಪ್ಯತೆಯ ತರಬೇತಿಯೂ ಅದನ್ನು ಮುರಿದವರಿಗೆ ಖಚಿತ ಶಿಕ್ಷೆಯೂ ಬರಬೇಕು.

ಟ್ಯಾಬ್ಲೆಟ್ ಬಂದಿದೆ, ಇನ್ನು ಗುಮಾಸ್ತರು ಯಾಕೆ ಎನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. ಟ್ಯಾಬ್ಲೆಟ್ ತಪ್ಪು ಹೆಸರನ್ನೂ ಸರಿಯಾದ ಹೆಸರಿನಷ್ಟೇ ಅಚ್ಚುಕಟ್ಟಾಗಿ ಇಟ್ಟುಕೊಳ್ಳುತ್ತದೆ.

ಸಂಶೋಧನೆಯ ದುಡ್ಡು ಸಂಶೋಧನೆಗೆ ಹೋಗಲಿ, ಕಚೇರಿಗೆ ಬೇಡ ಎಂಬ ಮಾತು ವಿಜ್ಞಾನಿಗಳ ಕಡೆಯಿಂದಲೇ ಬರುತ್ತದೆ. ಅವರ ಅಸಹನೆ ಅರ್ಥವಾಗುತ್ತದೆ. ಒಂದು ರಾಸಾಯನಿಕ ತರಿಸಲು ಸಾಮಾನ್ಯ ಹಣಕಾಸು ನಿಯಮ 2017ರ ಕಲಮುಗಳನ್ನು ದಾಟಿ ಬರುವಷ್ಟರಲ್ಲಿ ಅವರ ಉತ್ಸಾಹ ಆರಿರುತ್ತದೆ. ಆದರೆ ಆ ನಿಯಮಗಳನ್ನು ಬಲ್ಲ ಒಬ್ಬ ಲೆಕ್ಕದ ಸಹಾಯಕಿ ಇದ್ದರೆ ವಿಜ್ಞಾನಿಯ ದಿನ ಉಳಿಯುತ್ತದೆ, ಇಲ್ಲದಿದ್ದರೆ ವಿಜ್ಞಾನಿಯೇ ಗುಮಾಸ್ತನಾಗುತ್ತಾನೆ. ಅನುದಾನದ ಮೊದಲ ಕಂತು ಖರ್ಚಾದ ಮೇಲೆ ಬಳಕೆ ಪ್ರಮಾಣಪತ್ರ ಹೋಗಬೇಕು. ಅದು ಸರಿಯಾಗಿ ಹೋಗದೆ ಮುಂದಿನ ಕಂತು ಬರುವುದಿಲ್ಲ. ಕಂತು ಬರದೆ ಕ್ಷೇತ್ರ ಕಾರ್ಯಕರ್ತರ ಪಗಾರ ಆಗುವುದಿಲ್ಲ. ಪಗಾರ ಆಗದೆ ಜೀಪು ಹಳ್ಳಿಗೆ ಹೋಗುವುದಿಲ್ಲ. ರಕ್ತಹೀನತೆಯ ಅಧ್ಯಯನವೊಂದು ನಡುನೀರಿನಲ್ಲಿ ನಿಂತರೆ ಅದಕ್ಕೆ ವೈಜ್ಞಾನಿಕ ಕಾರಣವೇ ಇರಬೇಕೆಂದಿಲ್ಲ. ವೋಚರೊಂದು ಸಿಗದೆ ಹೋದರೂ ಸಾಕು.

ಈ ಜಿಲ್ಲೆಗೆ ಸಂಶೋಧನೆ ಅಲಂಕಾರದ ವಸ್ತುವಲ್ಲ. 2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿ ದೇವದುರ್ಗವನ್ನೂ ಮಾನ್ವಿಯನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಇಟ್ಟಿತು. 2018ರಲ್ಲಿ ಕೇಂದ್ರ ಸರ್ಕಾರ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿ ಮಾಡಿದಾಗ ಕರ್ನಾಟಕದಿಂದ ಸೇರಿದ್ದು ರಾಯಚೂರು ಮತ್ತು ಯಾದಗಿರಿ. ಇಲ್ಲಿಯ ಅಂತರ್ಜಲದಲ್ಲಿ ಫ್ಲೋರೈಡ್ ಇದೆ, ಹಟ್ಟಿ ಗಣಿಯ ಸುತ್ತ ಆರ್ಸೆನಿಕ್ ಕಂಡಿದೆ. 2022ರ ಬೇಸಿಗೆಯ ಕೊನೆಗೆ ರಾಯಚೂರು ನಗರದಲ್ಲಿ ನಲ್ಲಿಯಲ್ಲಿ ಬಂದ ಕಲುಷಿತ ನೀರು ಕುಡಿದು ಜನ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಅಂಥ ಹೊತ್ತಿನಲ್ಲಿ ಮೊದಲು ಬೇಕಾಗುವುದು ಒಂದು ಪಟ್ಟಿ: ಯಾರು, ಯಾವ ಓಣಿ, ಯಾವ ದಿನ ವಾಂತಿ ಶುರುವಾಯಿತು, ಯಾವ ಟ್ಯಾಂಕಿನ ನೀರು. ರೋಗದ ಮೂಲ ಹಿಡಿಯುವ ಕೆಲಸ ಆ ಪಟ್ಟಿಯಿಂದ ಶುರುವಾಗುತ್ತದೆ. ಓಣಿಯ ಹೆಸರು ತಪ್ಪಿದರೆ ಟ್ಯಾಂಕು ತಪ್ಪುತ್ತದೆ.

2022ರ ಮೇ ತಿಂಗಳಿಂದ ರಾಯಚೂರಿನಲ್ಲಿ ಏಮ್ಸ್ ಬೇಕೆಂದು ಧರಣಿ ನಡೆದಿದೆ. ಸಾವಿರ ದಿನ ದಾಟಿದ ಹೋರಾಟ. ಇಲ್ಲಿಗೆ ಬೇಕೆಂದು ಕೇಳಿದ್ದ ಐಐಟಿ ಧಾರವಾಡಕ್ಕೆ ಹೋದ ನೋವು ಆ ಧರಣಿಯ ಒಳಗಿದೆ. ಆ ಬೇಡಿಕೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ಏಮ್ಸ್ ಬಂದರೆ ವೈದ್ಯರ ಜೊತೆಗೆ ನೂರಾರು ಗುಮಾಸ್ತರು, ಉಗ್ರಾಣದವರು, ದಾಖಲೆ ಕೊಠಡಿಯವರು, ಲೆಕ್ಕದವರು ಬರುತ್ತಾರೆ. ಅವರ ನೇಮಕಕ್ಕೆ ಈಗ ದೇಶದ ಎಲ್ಲ ಏಮ್ಸ್‌ಗಳಿಗೂ ಸೇರಿ ಸಾಮಾನ್ಯ ಪರೀಕ್ಷೆ ನಡೆಸುವ ಪದ್ಧತಿ ಬಂದಿದೆ. ಧರಣಿಯ ಮನವಿ ಪತ್ರದಲ್ಲಿ ಜಾಗದ ಬಗ್ಗೆ, ಎಕರೆಯ ಬಗ್ಗೆ, ರಸ್ತೆ ರೈಲಿನ ಬಗ್ಗೆ ಬರೆಯುವಾಗ ಇನ್ನೊಂದು ಸಾಲನ್ನೂ ಸೇರಿಸಬೇಕು: ಸಾರ್ವಜನಿಕರ ಮತ್ತು ರೋಗಿಗಳ ದಾಖಲೆ ನೋಡುವ ಗ್ರೂಪ್ ಸಿ ಹುದ್ದೆಗಳಿಗೆ ಕನ್ನಡ ಓದಲು ಬರೆಯಲು ಬರುವುದು ಅಗತ್ಯ ಅರ್ಹತೆ. ಅದೇ ಸಾಲು ಸಿರವಾರದ ಘಟಕದ ಹೆಸರಿನಲ್ಲಿ ಐಸಿಎಂಆರ್‌ನ ಮಹಾನಿರ್ದೇಶಕರಿಗೂ ಹೋಗಬೇಕು, ನಮ್ಮ ಸಂಸದರ ಕೈಯಿಂದಲೇ ಹೋಗಬೇಕು. ನೇಮಕಾತಿ ನಿಯಮ ಒಮ್ಮೆ ಗೆಜೆಟ್ಟಿನಲ್ಲಿ ಬಂದ ಮೇಲೆ ತಿದ್ದಿಸಲು ವರ್ಷಗಳು ಬೇಕು. ಕರಡು ಹಂತದಲ್ಲಿ ಒಂದು ಪತ್ರ ಸಾಕು.